ಗೆದ್ದಲು ತಿಂದ ಲೇಬಲ್, ಉಳಿದ 41 ಪಳೆಯುಳಿಕೆ

ನಮ್ಮ ಹೈಸ್ಕೂಲಿನ ಕಟ್ಟಡದಲ್ಲಿ ಮೊದಲು ಪಿಯು ಕಾಲೇಜಿತ್ತು, ಅಲ್ಲಿ ಭೂಗರ್ಭಶಾಸ್ತ್ರವನ್ನೂ ಕಲಿಸುತ್ತಿದ್ದರು. ಆ ಕಾಲದ ಒಂದು ಮರದ ಪೆಟ್ಟಿಗೆ ಲ್ಯಾಬಿನ ಮೂಲೆಯಲ್ಲಿ ವರ್ಷಗಟ್ಟಲೆ ಬಿದ್ದಿತ್ತು. ಈ ಸಲ ಸುಣ್ಣ ಹೊಡೆಸಲು ಕೋಣೆ ಖಾಲಿ ಮಾಡುವಾಗ ತೆಗೆದು ನೋಡಿದೆ. ಒಳಗೆ ಹತ್ತಿ, ಗೆದ್ದಲ ಮಣ್ಣು, ಅದರ ನಡುವೆ ಪಳೆಯುಳಿಕೆಗಳು. ಎಣಿಸಿದರೆ 41. ಚೀಟಿಗಳನ್ನು ಗೆದ್ದಲು ಪೂರ್ತಿ ತಿಂದುಬಿಟ್ಟಿತ್ತು. ಕಲ್ಲಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದ ನಂಬರ್ ಇತ್ತು, ಆದರೆ ಯಾವ ನಂಬರ್ ಯಾವುದು ಅಂತ ಹೇಳುವ ರಿಜಿಸ್ಟರ್ ಇಲ್ಲ.

ನಾನು ವಿಜ್ಞಾನ ಮೇಷ್ಟ್ರು, ಪಳೆಯುಳಿಕೆ ತಜ್ಞ ಅಲ್ಲ. ಭೂವಿಜ್ಞಾನ ಓದಿದ ಗೆಳೆಯನೊಬ್ಬ ಫೋನಿನಲ್ಲಿ ದಾರಿ ತೋರಿಸಿದ. ಒಂಬತ್ತನೇ ತರಗತಿಯ ನಾಲ್ಕು ಮಕ್ಕಳು ಜೊತೆಗಿದ್ದರು. ಶನಿವಾರ ಮಧ್ಯಾಹ್ನಗಳಲ್ಲಿ ಮಾಡಿದ ಕೆಲಸ ಇದು. ತಪ್ಪಿದ್ದನ್ನೂ ಬರೆದಿದ್ದೇನೆ, ಯಾಕಂದ್ರೆ ಇಂಥ ಪೆಟ್ಟಿಗೆ ಇನ್ನೂ ಎಷ್ಟೋ ಶಾಲೆ ಕಾಲೇಜಿನಲ್ಲಿ ಇರಬಹುದು. ನಾನು ಹಾಳು ಮಾಡಿದ್ದನ್ನು ಅಲ್ಲಿ ಯಾರೂ ಹಾಳು ಮಾಡಬಾರದು.

ಖರ್ಚು ಮೊದಲೇ ಹೇಳಿಬಿಡುತ್ತೇನೆ. 10 ಪಟ್ಟು ದೊಡ್ಡದಾಗಿ ತೋರಿಸುವ ಕೈ ಲೆನ್ಸ್ 280 ರೂಪಾಯಿ, ಡಿಜಿಟಲ್ ಕ್ಯಾಲಿಪರ್ 650, ಮೆತ್ತನೆ ಟೂತ್‌ಬ್ರಷ್ ಎರಡು 40, ಕಪ್ಪು ಇಂಡಿಯನ್ ಇಂಕ್ 60, ಬಣ್ಣವಿಲ್ಲದ ನೇಲ್ ಪಾಲಿಷ್ 70, ಹತ್ತಿ 90, ಬಡಗಿಯ ಹತ್ತಿರ ಮಾಡಿಸಿದ ಪ್ಲೈವುಡ್ ಟ್ರೇ ಎರಡು 1,400. ಒಟ್ಟು 2,590. ತಕ್ಕಡಿ, ಆಮ್ಲ, ಟಾರ್ಚು ಲ್ಯಾಬಿನಲ್ಲೇ ಇದ್ದವು.

ಜೂನ್ 14: ತೊಳೆದದ್ದೇ ಮೊದಲ ತಪ್ಪು

ಎಲ್ಲದಕ್ಕೂ ಮಣ್ಣು ಹಿಡಿದಿತ್ತು. ಎರಡು ಬಕೆಟ್ ನೀರಿನಲ್ಲಿ 41ನ್ನೂ ರಾತ್ರಿಯಿಡೀ ನೆನೆಸಿಟ್ಟೆ. ಭಾನುವಾರ ಬೆಳಿಗ್ಗೆ ಬಂದು ನೋಡಿದರೆ ಒಂದು ಬಕೆಟ್ಟಿನ ನೀರು ಕಂದು ಬಣ್ಣಕ್ಕೆ ತಿರುಗಿತ್ತು. ಪೆಟ್ಟಿಗೆಯಲ್ಲಿ ಮೂರು ಭಾಗ ಮಾಡಿದ ಬೆನ್ನಿನ ಟ್ರೈಲೊಬೈಟ್ (ಎಂದೋ ಅಳಿದುಹೋದ, ಹುಳದಂಥ ಕಡಲ ಪ್ರಾಣಿ) ಒಂದಿತ್ತು, ಎಲ್ಲಕ್ಕಿಂತ ಚೆಂದದ್ದು, ಅದರ ಬಣ್ಣ ಬಿಟ್ಟುಕೊಂಡಿತ್ತು. ಒಳಗೆ ಬಿಳಿ. ಉಗುರಿನಿಂದ ಕೆರೆದರೆ ಪುಡಿ ಬಂತು. ಅದು ಕಲ್ಲೇ ಅಲ್ಲ, ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಎರಕ ಹೊಯ್ದ ಮಾದರಿ.

ಆಮೇಲೆ ಎಲ್ಲವನ್ನೂ ಲೆನ್ಸಿನಲ್ಲಿ ನೋಡಿದಾಗ ಇನ್ನೂ ಎರಡು ಎರಕ ಸಿಕ್ಕವು. ಗುರುತು ಹಿಡಿಯುವುದು ಸುಲಭ: ಸೂಜಿ ಮೊನೆಯಷ್ಟು ಗುಂಡನೆಯ ಗಾಳಿಗುಳ್ಳೆಯ ತೂತು, ಅಂಚಿನ ಸುತ್ತ ಅಚ್ಚಿನ ಜೋಡಣೆ ಗೆರೆ, ಕೈಯಲ್ಲಿ ಹಿಡಿದರೆ ಗಾತ್ರಕ್ಕೆ ತಕ್ಕ ಭಾರ ಇಲ್ಲ. ನೀರಿಗೆ ಹಾಕುವ ಮೊದಲು ಎರಡು ನಿಮಿಷ ನೋಡಿದ್ದರೆ ಸಾಕಿತ್ತು.

ಇದಕ್ಕಿಂತ ದೊಡ್ಡ ನಷ್ಟ ಬೇರೆ ಆಯಿತು. ಬ್ರಷ್‌ನಲ್ಲಿ ಉಜ್ಜುವಾಗ ಮೂರು ಕಲ್ಲಿನ ಬಿಳಿ ನಂಬರ್ ಅಳಿಸಿಹೋಯಿತು. ನಂಬರ್ ಇದ್ದರೂ ರಿಜಿಸ್ಟರ್ ಇಲ್ಲವಲ್ಲ ಅಂತ ಆಗ ಅಷ್ಟಾಗಿ ಯೋಚಿಸಲಿಲ್ಲ. ಆರು ವಾರದ ಮೇಲೆ ಅದರ ಬೆಲೆ ಗೊತ್ತಾಯಿತು.

ಜೂನ್ 21: ನೋಡಿದ ಹಾಗೆ ರಾಶಿ ಹಾಕಿದೆವು

ಮಕ್ಕಳಿಗೆ ಹೇಳಿದೆ, ಒಂದೇ ತರ ಕಾಣುವುದನ್ನು ಒಂದು ಕಡೆ ಇಡಿ ಅಂತ. ಸುರುಳಿ 11, ಚಿಪ್ಪು 13, ಉದ್ದನೆಯವು 6, ಉಳಿದವು 11. ಅರ್ಧ ಗಂಟೆಯಲ್ಲಿ ಮುಗಿಯಿತು, ಟೇಬಲ್ ಬಹಳ ಅಚ್ಚುಕಟ್ಟಾಗಿ ಕಂಡಿತು. ಗೆಳೆಯನಿಗೆ ಫೋಟೋ ಕಳಿಸಿದೆ. "ಸುರುಳಿ ರಾಶಿಯಲ್ಲಿ ಕನಿಷ್ಠ ನಾಲ್ಕು ಬೇರೆ ಬೇರೆ ಜಾತಿಯ ಜೀವಿ ಇವೆ, ಮುರಿದದ್ದು ಯಾವುದಾದರೂ ಇದೆಯಾ ನೋಡು" ಅಂದ.

ನಾನು ಮುರಿದ ತುಂಡುಗಳನ್ನೆಲ್ಲ ಪಕ್ಕಕ್ಕೆ ಸರಿಸಿದ್ದೆ, ಇಡಿಯಾಗಿ ಇರುವುದರಿಂದಲೇ ಕಲಿಯಬೇಕು ಅಂತ. ಅದು ತಲೆಕೆಳಗಾದ ಯೋಚನೆ. ಈ ಕೆಲಸದಲ್ಲಿ ಒಡೆದ ಅಂಚು ಹೇಳುವಷ್ಟು ಇಡೀ ಚಿಪ್ಪು ಹೇಳುವುದಿಲ್ಲ.

ಜೂನ್ 28: ಆಮ್ಲದ ಪರೀಕ್ಷೆ

10 ಪರ್ಸೆಂಟ್ ಹೈಡ್ರೋಕ್ಲೋರಿಕ್ ಆಮ್ಲ, ಡ್ರಾಪರ್‌ನಲ್ಲಿ ಒಂದೊಂದೇ ಹನಿ. ಸುಣ್ಣದ ಅಂಶ ಇದ್ದರೆ ನೊರೆ ಬರುತ್ತದೆ. ಚಿಪ್ಪು ಸುಣ್ಣದ್ದು ಅಲ್ವಾ, ಹಾಗಾಗಿ ನೊರೆ ಬಂದರೆ ಚಿಪ್ಪಿನ ಪ್ರಾಣಿ, ಬರದಿದ್ದರೆ ಬೇರೆ ಅಂತ ಎರಡು ಗುಂಪು ಮಾಡಿದೆ.

ಇದು ಕೆಲಸಕ್ಕೆ ಬರಲಿಲ್ಲ. 31 ಮಿಲಿಮೀಟರ್ ಉದ್ದದ ಒಂದು ಬಸವನಹುಳು, ಕಣ್ಣಿಗೆ ಕಾಣುವ ಹಾಗೆ ಬಸವನಹುಳುವೇ, ಅದಕ್ಕೆ ನೊರೆಯೇ ಬರಲಿಲ್ಲ. ಗಾಜಿನ ಮೇಲೆ ಎಳೆದರೆ ಗಾಜಿಗೆ ಗೀರು ಬಿತ್ತು. ಚಿಪ್ಪಿನ ಸುಣ್ಣ ಕರಗಿ ಆ ಜಾಗದಲ್ಲಿ ಸಿಲಿಕಾ, ಅಂದರೆ ಬೆಣಚುಕಲ್ಲಿನ ಗಟ್ಟಿ ಅಂಶ, ತುಂಬಿಕೊಂಡಿದೆ. ಅಂದರೆ ಆಮ್ಲ ಹೇಳುವುದು ಈಗ ಇರುವ ಕಲ್ಲಿನ ವಿಷಯ, ಬದುಕಿದ್ದ ಪ್ರಾಣಿಯದ್ದಲ್ಲ. ಒಂದೇ ಜಾತಿಯ ಎರಡು ಅಮೋನೈಟ್ (ಸುರುಳಿ ಚಿಪ್ಪಿನ, ಈಗ ಇಲ್ಲದ ಕಡಲ ಪ್ರಾಣಿ) ಒಂದು ಸುಣ್ಣವಾಗಿ, ಇನ್ನೊಂದು ಪೈರೈಟ್, ಅಂದರೆ ಕಬ್ಬಿಣ ಗಂಧಕ ಸೇರಿದ ಖನಿಜ, ಆಗಿ ಉಳಿಯಬಹುದು.

ಪೈರೈಟ್ ಅಂದೆನಲ್ಲ, ನಮ್ಮ ಪೆಟ್ಟಿಗೆಯಲ್ಲೂ ಒಂದಿತ್ತು. ಹಿತ್ತಾಳೆ ಬಣ್ಣದ ಅಮೋನೈಟ್, ಅಡ್ಡಗಲ 22 ಮಿಲಿಮೀಟರ್. ಅದನ್ನೂ ನೆನೆಸಿದ್ದೆ, ಒರೆಸಿ ಒದ್ದೆ ಹತ್ತಿಯಲ್ಲೇ ಸುತ್ತಿಟ್ಟಿದ್ದೆ. ಎರಡು ವಾರದಲ್ಲಿ ಅಂಚಿನಲ್ಲಿ ಬಿಳಿ ಹಳದಿ ಪುಡಿ ಎದ್ದಿತ್ತು, ಗಂಧಕದ ವಾಸನೆ. ಪೈರೈಟಿಗೆ ತೇವವೇ ಶತ್ರು. ಈಗ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿದೆ. ಹೋದ ಅಂಚು ವಾಪಸ್ ಬರುವುದಿಲ್ಲ.

ಆಮ್ಲವನ್ನು ಇನ್ನೊಂದು ತರ ತಪ್ಪಾಗಿ ಬಳಸಿದೆ. ಒಂದು ಸೀ ಅರ್ಚಿನ್, ಅಂದರೆ ಕಡಲಿನ ಮುಳ್ಳುಚೆಂಡು, ಅದರ ಮೇಲ್ಮುಖಕ್ಕೇ ಹನಿ ಹಾಕಿದೆ. ಅಲ್ಲಿದ್ದ ಸಣ್ಣ ಸಣ್ಣ ಗುಬ್ಬಿಗಳು, ಮುಳ್ಳು ಕೂರುತ್ತಿದ್ದ ಜಾಗಗಳು, ಸುಮಾರು 4 ಮಿಲಿಮೀಟರ್ ಅಗಲಕ್ಕೆ ನುಣ್ಣಗಾಗಿಬಿಟ್ಟವು. ಹನಿ ಹಾಕಲೇಬೇಕಿದ್ದರೆ ಕೆಳಗೆ ಅಂಟಿಕೊಂಡ ಕಲ್ಲಿಗೆ ಹಾಕಿ, ತಕ್ಷಣ ನೀರಿನಿಂದ ತೊಳೆಯಿರಿ. ಮಕ್ಕಳ ಕೈಗೆ ಮಾತ್ರ ಕೊಡಬೇಡಿ.

ಜುಲೈ 5: ಸುರುಳಿ ರಾಶಿ

ಈ ದಿನದಿಂದ ಕೆಲಸ ಸರಿದಾರಿಗೆ ಬಂತು. ಆಕಾರ ಬಿಟ್ಟು ಮೂರು ಪ್ರಶ್ನೆ ಇಟ್ಟುಕೊಂಡೆವು. ಸುರುಳಿ ಚಕ್ಕುಲಿಯ ಹಾಗೆ ಒಂದೇ ಮಟ್ಟದಲ್ಲಿದೆಯಾ, ಗೋಪುರದ ಹಾಗೆ ಮೇಲಕ್ಕೆ ಏರಿದೆಯಾ? ಒಳಗೆ ಅಡ್ಡಗೋಡೆ ಇದೆಯಾ? ಗೋಡೆಯಲ್ಲಿ ತೂತು ಇದ್ದರೆ ಎಲ್ಲಿದೆ?

ಗೋಪುರದ ಹಾಗೆ ಏರಿದವು 4, ಅವುಗಳ ಮುರಿದ ಜಾಗದಲ್ಲಿ ಅಡ್ಡಗೋಡೆಯೇ ಇಲ್ಲ, ಒಂದೇ ಕೊಳವೆ. ಬಸವನಹುಳುಗಳು. ಚಕ್ಕುಲಿ ತರದವು 7. ಅದರಲ್ಲಿ ಆರಕ್ಕೆ ಹೊರಮೈಯಲ್ಲಿ ಗೋಡೆ ಬಂದು ಸೇರುವ ಗೆರೆ ಹುಡುಕಬೇಕು. ಟ್ಯೂಬ್‌ಲೈಟ್ ಕೆಳಗೆ ಏನೂ ಕಾಣಲಿಲ್ಲ. ಒಂದು ಗಂಟೆ ಸುಮ್ನೆ ಹೋಯಿತು. ಕೊನೆಗೆ ಲೈಟ್ ಆರಿಸಿ, ಕಿಟಕಿ ಮುಚ್ಚಿ, ಟಾರ್ಚನ್ನು ಟೇಬಲ್ಲಿಗೆ ತಾಗಿಸಿ ಅಡ್ಡ ಬೆಳಕು ಬಿಟ್ಟೆವು. ಗೆರೆಗಳು ಎದ್ದು ನಿಂತವು. ಬ್ರಷ್ ತುದಿಯಲ್ಲಿ ಸ್ವಲ್ಪ ನೀರು ಸವರಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ (ಪೈರೈಟ್ ಮತ್ತು ಎರಕಕ್ಕೆ ಬೇಡ).

ಐದರಲ್ಲಿ ಗೆರೆ ಕೊತ್ತಂಬರಿ ಎಲೆಯ ಅಂಚಿನ ಹಾಗೆ ಮಡಿಚಿ ಮಡಿಚಿ ಹೋಗಿತ್ತು. ಅಮೋನೈಟ್. ಅದರಲ್ಲಿ ಒಂದು ಎರಕ, ಅಚ್ಚಿನಲ್ಲೂ ಗೆರೆ ಚೆನ್ನಾಗಿ ಮೂಡಿದೆ. ಆರನೆಯದರಲ್ಲಿ ಗೆರೆ ಬಿಲ್ಲಿನ ಹಾಗೆ ಸಾದಾ ಬಾಗಿತ್ತು. ಅದೃಷ್ಟಕ್ಕೆ ಅದು ಒಂದು ಗೋಡೆಯ ಹತ್ತಿರವೇ ಒಡೆದಿತ್ತು, ಆ ಗೋಡೆಯ ನಟ್ಟನಡುವೆ 2 ಮಿಲಿಮೀಟರ್ ತೂತು. ಇಂಥ ತೂತುಗಳ ಮೂಲಕ ಕೋಣೆಯಿಂದ ಕೋಣೆಗೆ ಒಂದು ಕೊಳವೆ ಹೋಗುತ್ತಿತ್ತು. ಅಮೋನೈಟಿನಲ್ಲಿ ಈ ಕೊಳವೆ ಹೊರ ಅಂಚಿಗೆ ಇರುತ್ತದೆ, ನಾಟಿಲಸ್‌ನಲ್ಲಿ ನಡುವಿನಲ್ಲಿ. ಇದು ನಾಟಿಲಸ್ ಗುಂಪು. ಅಮೋನೈಟ್‌ಗಳು 6.6 ಕೋಟಿ ವರ್ಷದ ಹಿಂದೆ ಅಳಿದವು, ನಾಟಿಲಸ್ ಇವತ್ತಿಗೂ ಸಮುದ್ರದಲ್ಲಿದೆ. ಅದನ್ನು ಕೇಳಿದ ಹುಡುಗಿಯೊಬ್ಬಳು ಆ ತೂತನ್ನು ಲೆನ್ಸಿನಲ್ಲಿ ಎಷ್ಟು ಹೊತ್ತು ನೋಡುತ್ತಾ ಕೂತಳು!

ಅಮೋನೈಟಿನಲ್ಲಿ ಒಂದು ಕಪ್ಪು ಕಲ್ಲಿನದು. ಕೈಗೆ ತಗೊಂಡ ತಕ್ಷಣ ಅಜ್ಜಿಯ ದೇವರ ಪೆಟ್ಟಿಗೆ ನೆನಪಾಯಿತು. ನೇಪಾಳದ ಗಂಡಕಿ ನದಿಯ ಸಾಲಿಗ್ರಾಮದೊಳಗಿನ ಚಕ್ರವೂ ಅಮೋನೈಟಿನ ಸುರುಳಿಯೇ. ಹಿಮಾಲಯ ಏಳುವ ಮೊದಲು ಅಲ್ಲಿ ಸಮುದ್ರ ಇತ್ತು. ಮನೆಯ ಸಾಲಿಗ್ರಾಮವನ್ನು ಒಡೆಯುವ ಮಾತೇ ಇಲ್ಲ, ಆದರೆ ಅದರ ಬಾಯಿಯಲ್ಲಿ ಟಾರ್ಚು ಬಿಟ್ಟು ನೋಡಿದೆ, ಪಕ್ಕೆಲುಬಿನಂಥ ಏಣುಗಳು ಸಾಲಾಗಿ ಕಂಡವು.

ಏಳನೆಯದು ಕಾಸಿನಂಥದ್ದು, ಅಡ್ಡಗಲ 24 ಮಿಲಿಮೀಟರ್, ದಪ್ಪ 5. ಅಂಚು ಬಿರಿದ ಕಡೆ ಒಳಗೆ ಸುರುಳಿ, ಸುರುಳಿಯಲ್ಲಿ ಲೆಕ್ಕವಿಲ್ಲದಷ್ಟು ಪುಟಾಣಿ ಕೋಣೆ. ಕೋಣೆ ಇದೆಯಲ್ಲ ಅಂತ ಅಮೋನೈಟ್ ಕಡೆ ಇಟ್ಟೆ. ತಪ್ಪು. ಹೊರಗೆ ತೆರೆದ ಬಾಯಿಯೇ ಇಲ್ಲ, ದೇಹ ಕೂರುವ ದೊಡ್ಡ ಕೊನೆಯ ಕೋಣೆ ಇಲ್ಲ. ಇದು ನುಮ್ಯುಲೈಟ್, ಒಂದೇ ಜೀವಕೋಶದ ಜೀವಿ ಕಟ್ಟಿದ ಮನೆ. ಕಛ್‌ನಲ್ಲಿ ಬೇಕಾದಷ್ಟು ಸಿಗುತ್ತವೆ, ಈಜಿಪ್ಟಿನ ಪಿರಮಿಡ್ಡಿನ ಸುಣ್ಣದಕಲ್ಲಿನಲ್ಲೂ ಇವೆ. ಪ್ರಾಣಿ ಅನ್ನುವ ಪಟ್ಟಿಯಿಂದಲೇ ಹೊರಗೆ ಹೋಯಿತು.

ಎಡವೋ ಬಲವೋ

ಆ ಗಾಜು ಗೀರುವ ಬಸವನಹುಳುವಿನ ಬಾಯಿ ಯಾವ ಕಡೆ ಅಂತ ಗೆಳೆಯ ಕೇಳಿದ. ಶಂಖ ಹಿಡಿಯುವ ಹಾಗೆ ಹಿಡಿದು ನೋಡಿ "ಬಲಕ್ಕೆ" ಅಂತ ಬರೆದೆ. ಹಾಗಾದರೆ ಅದರಲ್ಲೇನೂ ವಿಶೇಷ ಇಲ್ಲ, ಹೆಚ್ಚಿನವು ಬಲಕ್ಕೇ ಇರುತ್ತವೆ ಅಂದ. ಫೋಟೋ ನೋಡಿದ ಮೇಲೆ ಅವನೇ ಫೋನ್ ಮಾಡಿದ, ಇದು ಎಡ ಅಂತ.

ಗೊಂದಲ ಇದ್ದದ್ದು ಕೈಯಲ್ಲಿ ಹಿಡಿಯುವ ರೀತಿಯಲ್ಲಿ. ವಿಜ್ಞಾನದಲ್ಲಿ ಚೂಪು ತುದಿ ಮೇಲೆ, ಬಾಯಿ ನಮ್ಮ ಕಡೆ. ನಾವು ಶಂಖವನ್ನು ತುದಿ ಕೆಳಗೆ ಮಾಡಿ ನೋಡುತ್ತೇವೆ. ಹಾಗಾಗಿ ನಾವು ಬಲಮುರಿ ಅನ್ನುವ ಅಪರೂಪದ ಶಂಖ ಅವರ ಲೆಕ್ಕದಲ್ಲಿ ಎಡ ಸುರುಳಿ. ತಿರುಗಿಸಿ ಹಿಡಿದರೆ ನಮ್ಮ ಹುಳುವಿನ ಬಾಯಿ ಎಡಕ್ಕೆ ಬಂತು. ಸಿಲಿಕಾ ತುಂಬಿದ್ದು, ಎಡ ಸುರುಳಿ, ಉಬ್ಬಿದ ಕೊನೆಯ ಸುತ್ತು, ಗಿಡ್ಡ ಗೋಪುರ: ಇಷ್ಟು ಸೇರಿದರೆ ಫೈಸಾ. ಸಿಹಿನೀರಿನ ಹುಳು. ದಕ್ಕನ್ನಿನ ಲಾವಾ ಪದರಗಳ ನಡುವೆ, ಒಂದು ಲಾವಾ ಹರಿದು ಇನ್ನೊಂದು ಬರುವ ಮೊದಲು ಇದ್ದ ಕೆರೆಗಳಲ್ಲಿ ಬದುಕಿದ್ದು. ನಮ್ಮ ಬೀದರ್, ಕಲಬುರಗಿ ಕಡೆಯ ಕಪ್ಪು ಕಲ್ಲೂ ಅದೇ ಲಾವಾ. ಕರ್ನಾಟಕದ ಬಹುಪಾಲು ಬಂಡೆ ಪ್ರಾಣಿಗಳು ಹುಟ್ಟುವುದಕ್ಕಿಂತ ಎಷ್ಟೋ ಹಳೆಯದು, ಅದರಲ್ಲಿ ಇಂಥದ್ದು ಸಿಗುವುದಿಲ್ಲ. ಅದಕ್ಕೇ ಈ ಹುಳು ಕಂಡರೆ ನನಗೆ ವಿಶೇಷ ಪ್ರೀತಿ.

ಜುಲೈ 12: ಎರಡು ಚಿಪ್ಪಿನವು, ದಾರದ ಪರೀಕ್ಷೆ

13 ಚಿಪ್ಪು. ಇದರಲ್ಲಿ ಕಪ್ಪೆಚಿಪ್ಪಿನ ಗುಂಪು ಒಂದು, ಬ್ರಾಕಿಯೊಪಾಡ್ ಗುಂಪು ಒಂದು. ಮೇಲ್ನೋಟಕ್ಕೆ ಎರಡೂ ಒಂದೇ, ಒಳಗಿನ ಪ್ರಾಣಿ ಪೂರ್ತಿ ಬೇರೆ. ಕಪ್ಪೆಚಿಪ್ಪಿನಲ್ಲಿ ಎರಡು ಚಿಪ್ಪು ಪ್ರಾಣಿಯ ಎಡಕ್ಕೊಂದು ಬಲಕ್ಕೊಂದು, ನಮ್ಮ ಎರಡು ಅಂಗೈ ಜೋಡಿಸಿದ ಹಾಗೆ. ಒಂದು ಅಂಗೈಯನ್ನು ಮಾತ್ರ ನೋಡಿದರೆ ಅದರ ಎಡ ಬಲ ಒಂದೇ ಅಲ್ಲ. ಬ್ರಾಕಿಯೊಪಾಡ್‌ನಲ್ಲಿ ಚಿಪ್ಪು ಮೇಲೊಂದು ಕೆಳಗೊಂದು, ಎರಡೂ ಒಂದೇ ಅಳತೆಯಲ್ಲ, ಆದರೆ ಪ್ರತಿಯೊಂದೂ ನಡುವೆ ಮಡಿಚಿದರೆ ಸರಿಹೊಂದುತ್ತದೆ.

ಕೊಕ್ಕಿನಿಂದ ಎದುರಿನ ಅಂಚಿನವರೆಗೆ ಕಪ್ಪು ದಾರ ಎಳೆದು, ಎರಡೂ ಕಡೆಯ ಅಗಲವನ್ನು ಕ್ಯಾಲಿಪರ್‌ನಲ್ಲಿ ಅಳೆದೆವು. ನಂಬರ್ 18: ಒಟ್ಟು 27.4 ಮಿಲಿಮೀಟರ್, ಎಡ 13.6, ಬಲ 13.8. ಕೊಕ್ಕಿನ ತುದಿಯಲ್ಲಿ ಗುಂಡನೆ ತೂತು, ಪ್ರಾಣಿ ಬಂಡೆಗೆ ಅಂಟಿಕೊಳ್ಳಲು ಕಾಲು ಚಾಚುತ್ತಿದ್ದ ಜಾಗ. ಬ್ರಾಕಿಯೊಪಾಡ್, ಅನುಮಾನ ಇಲ್ಲ.

ಎಡವಿದ್ದು ಎರಡು ಕಡೆ. ಮೊದಲನೆಯದರ ಜೋಡಿಯಲ್ಲಿ ಒಂದು ಚಿಪ್ಪು ದೋಣಿಯ ಹಾಗೆ ದಪ್ಪ, ಇನ್ನೊಂದು ಮುಚ್ಚಳದ ಹಾಗೆ ಚಪ್ಪಟೆ, ಎರಡೂ ಬೇರೆ ಅಳತೆ. ಬೇರೆ ಅಳತೆ ಅಂದರೆ ಬ್ರಾಕಿಯೊಪಾಡ್ ಅಲ್ವಾ ಅಂತ ದಾರ ಹಾಕದೆ ಆ ಕಡೆ ಇಟ್ಟೆ. ಮರುದಿನ ಅನುಮಾನ ಬಂದು ಅಳೆದರೆ ಒಟ್ಟು 38.2, ಒಂದು ಕಡೆ 15, ಇನ್ನೊಂದು ಕಡೆ 23.2. ಕೊಕ್ಕು ಪಕ್ಕಕ್ಕೆ ತಿರುಚಿದೆ, ತೂತಿಲ್ಲ, ಮುಚ್ಚಳದ ಒಳಗೆ ಒಂದೇ ದೊಡ್ಡ ಸ್ನಾಯುವಿನ ಗುರುತು. ಇದು ಗ್ರೈಫಿಯಾ, ಸಿಂಪಿಯ ಸಂಬಂಧಿ. ಕೆಸರಿನ ಮೇಲೆ ಒಂದು ಮಗ್ಗುಲಿಗೆ ಮಲಗಿ ಬದುಕುವ ಪ್ರಾಣಿಗೆ ಕೆಳಗಿನ ಚಿಪ್ಪು ದೊಡ್ಡದಾಗುವುದು ಸಹಜ.

ಎರಡನೆಯ ತಪ್ಪು ಅದರ ಉಲ್ಟಾ. ಬೀಸಣಿಗೆಯ ಹಾಗೆ ಗೆರೆ ಇರುವ ಚಿಪ್ಪು, ದಾರ ಹಾಕಿದರೆ 20.1 ಮತ್ತು 20.9, ಹತ್ತಿರ ಹತ್ತಿರ ಸಮ. ಬ್ರಾಕಿಯೊಪಾಡ್ ಅಂತ ಬರೆದೇಬಿಟ್ಟೆ. ಜೊತೆಗಿದ್ದ ಹುಡುಗ ಕೊಕ್ಕಿನ ಪಕ್ಕದ ಕಿವಿಗಳನ್ನು ತೋರಿಸಿ "ಸರ್, ಇವು ಒಂದೇ ಅಲ್ಲ" ಅಂದ. ಅಳೆದರೆ ಒಂದು ಕಿವಿ 9.2, ಇನ್ನೊಂದು 6.1. ಪೆಕ್ಟೆನ್, ಕಪ್ಪೆಚಿಪ್ಪಿನ ಗುಂಪೇ. ಅಂದಿನಿಂದ ಒಂದೇ ಲಕ್ಷಣ ನೋಡಿ ಹೆಸರು ಬರೆಯುವುದನ್ನು ನಿಲ್ಲಿಸಿದೆವು, ಕನಿಷ್ಠ ಎರಡು ಬೇಕು. ಆಗಿನ ಲೆಕ್ಕ: ಕಪ್ಪೆಚಿಪ್ಪು 8, ಬ್ರಾಕಿಯೊಪಾಡ್ 5.

ಜುಲೈ 19: ಉಳಿದದ್ದೆಲ್ಲ

ಉದ್ದನೆಯವು ಬೇಗ ಮುಗಿದವು. ಹಲ್ಲು ಅಂತ ಬರೆದಿದ್ದ ಮೂರು ಗುಂಡಿನಾಕಾರದ ಕಲ್ಲು ಹಲ್ಲಲ್ಲ. ಮುರಿದ ಕಡೆ ನೋಡಿದರೆ ನಡುವಿನಿಂದ ಸೈಕಲ್ ಚಕ್ರದ ಕಡ್ಡಿಗಳ ಹಾಗೆ ಹರಳು ಹರಡಿದೆ, ದಪ್ಪ ತುದಿಯಲ್ಲಿ ಆಲಿಕೆಯಂಥ ಗುಳಿ. ಬೆಲೆಮ್ನೈಟ್. ಕರಾವಳಿಯಲ್ಲಿ ಬೊಂಡಾಸ್ ಅನ್ನುತ್ತಾರಲ್ಲ, ಆ ಸ್ಕ್ವಿಡ್‌ನ ಹಳೆಯ ನೆಂಟ. ನಿಜವಾದ ಹಲ್ಲು ಒಂದೇ, ಶಾರ್ಕಿನದು: ಮೇಲೆ ಹೊಳೆಯುವ ಎನಾಮೆಲ್, ಕೆಳಗೆ ಮಂಕಾದ ಬೇರು. ಪ್ರಾಣಿಯ ಕೊಂಬು ಅಂದುಕೊಂಡದ್ದರ ಅಗಲ ತುದಿಯನ್ನು ಬ್ರಷ್‌ನಲ್ಲಿ ಬಿಡಿಸಿದರೆ ಅಡ್ಡ ಕೊಯ್ದ ಮೋಸಂಬಿಯ ಹಾಗೆ ತೊಳೆ ತೊಳೆ. ಒಂಟಿ ಹವಳ. ಕಡಲ ಲಿಲಿಯ ಕಾಂಡದ ತುಂಡು ಐದು ಮೂಲೆಯ ನಕ್ಷತ್ರದಂತಿದೆ, ನಡುವೆ ತೂತು. ಗಿಡ ಅಲ್ಲ, ಮುಳ್ಳುಚೆಂಡಿನ ಬಳಗದ ಪ್ರಾಣಿ. ಮುಳ್ಳುಚೆಂಡು 3, ಎಲ್ಲದರಲ್ಲೂ ಐದು ದಳ. ಅದರಲ್ಲಿ ಹೃದಯದ ಆಕಾರದ್ದಕ್ಕೆ ಬಾಯಿ ನಡುವಿನಲ್ಲಿಲ್ಲ, ಮುಂದೆ ಸರಿದಿದೆ, ಮಣ್ಣಿನೊಳಗೆ ಒಂದೇ ದಿಕ್ಕಿಗೆ ಕೊರೆದು ಹೋಗುವ ಜಾತಿ. ಗೂಡುಗೂಡಾದ ಹವಳ 2, ಟ್ರೈಲೊಬೈಟ್ 2 (ಎರಡೂ ಎರಕವೇ).

ಚಪ್ಪಟೆ ಕಲ್ಲಿನ ಮೇಲೆ ಕಪ್ಪು ಕವಲು ಕವಲಾಗಿ ಹರಡಿದ್ದನ್ನು ಬೀಸಣಿಗೆ ಹವಳದಂಥದ್ದು ಅಂತ ಒಂದು ತಿಂಗಳು ನಂಬಿದ್ದೆ. ಲೆನ್ಸಿನಲ್ಲಿ ದಪ್ಪವೇ ಇಲ್ಲ, ಶಾಯಿ ಹರಿದ ಹಾಗಿದೆ, ಕಲ್ಲಿನ ಬಿರುಕಿನ ಉದ್ದಕ್ಕೇ ಹಬ್ಬಿದೆ. ಅದು ಮ್ಯಾಂಗನೀಸ್ ಖನಿಜ, ಬಿರುಕಿನಲ್ಲಿ ನೀರಿನ ಜೊತೆ ಬೆಳೆದದ್ದು. ಜೀವಿಯೇ ಅಲ್ಲ.

ಜುಲೈ 26: ರಿಜಿಸ್ಟರ್ ಹಾಳೆ

ಸ್ಟಾಫ್ ರೂಮಿನ ಅಲ್ಮೆರಾದಲ್ಲಿ ಹಳೆ ಸ್ಟಾಕ್ ರಿಜಿಸ್ಟರಿನ ಒಂದು ಹಾಳೆ ಸಿಕ್ಕಿತು. 17ರಿಂದ 28ರವರೆಗೆ, 12 ಹೆಸರು. ನಮ್ಮ ಹತ್ತಿರ ನಂಬರ್ ಉಳಿದಿದ್ದು ಅದರಲ್ಲಿ 10. ಎಂಟು ಸರಿಹೊಂದಿದವು, 18 ಟೆರೆಬ್ರಾಟುಲಾ, ಬ್ರಾಕಿಯೊಪಾಡೇ. ಒಂದು ನನ್ನ ತಪ್ಪು: ಕಪ್ಪೆಚಿಪ್ಪು ಅಂತ ಬರೆದದ್ದು ಬ್ರಾಕಿಯೊಪಾಡ್ ಆಗಿತ್ತು. ಕಲ್ಲಿನ ಒತ್ತಡಕ್ಕೆ ಒಂದು ಪಕ್ಕ ಜಜ್ಜಿ ದಾರದ ಅಳತೆ ಕೆಟ್ಟಿತ್ತು, ಕೊಕ್ಕಿನ ತೂತು ಮಣ್ಣಿನಲ್ಲಿ ಮುಚ್ಚಿತ್ತು. ಅಲ್ಲಿಗೆ ಲೆಕ್ಕ 7 ಮತ್ತು 6 ಆಯಿತು. ಇನ್ನೊಂದು, 23, ಹಾಳೆಯಲ್ಲಿ ಬೆಲೆಮ್ನೈಟ್ ಅಂತಿದೆ, ಕಲ್ಲು ನೋಡಿದರೆ ಪೆಕ್ಟೆನ್. ಹಿಂದೆ ಯಾರೋ ನಂಬರ್ ಬದಲಿಸಿ ಬರೆದಿರಬೇಕು, ನಾನು ಕಲ್ಲನ್ನೇ ನಂಬಿದೆ.

ಬಾಕಿ ಎರಡು ಹೆಸರು, 20 ಮತ್ತು 27, ನಾನು ನಂಬರ್ ಅಳಿಸಿದ ಮೂರು ಕಲ್ಲಿನಲ್ಲಿ ಯಾವುದೋ ಎರಡರದ್ದು. ಎರಡೂ ಸಾಲಿನಲ್ಲಿ ಬರೀ "ಅಮೋನೈಟ್" ಅಂತಿದೆ, ಮುಂದೆ ಊರು: ಒಂದಕ್ಕೆ ಕಛ್, ಒಂದಕ್ಕೆ ಅರಿಯಲೂರು. ಅಳಿಸಿದ ಮೂರೂ ಅಮೋನೈಟ್‌ಗಳೇ. ಯಾವುದು ಗುಜರಾತಿನದು, ಯಾವುದು ತಮಿಳುನಾಡಿನದು, ನನಗೆ ಹೇಳಲಾಗಲಿಲ್ಲ. ಗೆರೆ, ತೂತು, ಕೋಣೆ ನೋಡಿ ಪ್ರಾಣಿಯ ಗುಂಪು ಹೇಳಿದೆವು. ಊರು ಮಾತ್ರ ಆ ಬಿಳಿ ಬಣ್ಣದ ಎರಡು ಅಂಕೆಯಲ್ಲಿತ್ತು, ಅದನ್ನು 20 ರೂಪಾಯಿಯ ಬ್ರಷ್‌ನಲ್ಲಿ ನಾನೇ ಉಜ್ಜಿ ತೆಗೆದೆ. ಇದು ಈಗಲೂ ಬೇಜಾರು.

ಆಗಸ್ಟ್ 2: ಟ್ರೇಗೆ ಜೋಡಿಸಿದ್ದು

ಪ್ರತಿ ಕಲ್ಲಿನ ಎದ್ದುಕಾಣದ ಜಾಗದಲ್ಲಿ 5 ಮಿಲಿಮೀಟರ್ ಅಗಲಕ್ಕೆ ನೇಲ್ ಪಾಲಿಷ್ ಹಚ್ಚಿ, ಒಣಗಿದ ಮೇಲೆ ಇಂಕಿನಲ್ಲಿ ನಂಬರ್, ಮೇಲೆ ಇನ್ನೊಂದು ಪದರ. ಹಳೆ ನಂಬರ್ ಇದ್ದಲ್ಲಿ ಅದನ್ನು ಮುಟ್ಟಿಲ್ಲ, ಅದರ ಪಕ್ಕದಲ್ಲೇ ಬರೆದಿದ್ದೇವೆ. ಹೊಸ ರಿಜಿಸ್ಟರಿನಲ್ಲಿ ಹೆಸರಿಗಿಂತ ಮೊದಲು ಅಳತೆ ಮತ್ತು ಕಂಡ ಲಕ್ಷಣ ಬರೆಯುತ್ತೇವೆ, ಹೆಸರನ್ನು ಪೆನ್ಸಿಲ್‌ನಲ್ಲಿ. ರಿಜಿಸ್ಟರಿನ ಪ್ರತಿ ಹಾಳೆಯ ಫೋಟೋ ಮೂರು ಫೋನಿನಲ್ಲಿದೆ.

ಮೂರು ಕಲ್ಲು ಇನ್ನೂ ಗುಂಪಿಗೆ ಸೇರಿಲ್ಲ. 9 ಮತ್ತು 33 ಸವೆದು ನುಣ್ಣಗಾಗಿವೆ, ಹಿಡಿಯಲು ಒಂದು ಏಣೂ ಇಲ್ಲ. 37 ಕಂದು ಬಣ್ಣದ್ದು, 46 ಮಿಲಿಮೀಟರ್, ಒಂದು ತುದಿ ಒಡೆದಿದೆ, ಒಳಗೆಲ್ಲ ಸ್ಪಂಜಿನ ಹಾಗೆ ತೂತು. ಮೂಳೆ ಇರಬಹುದು, ಬರೀ ಗುಳ್ಳೆಕಲ್ಲೂ ಇರಬಹುದು. ತೂತುಗಳು ಒಂದೇ ದಿಕ್ಕಿಗೆ ಸಾಲಾಗಿವೆಯಾ, ಅಂಚಿಗೆ ಹೋದಂತೆ ಒತ್ತಾಗುತ್ತವೆಯಾ ಅಂತ ನೋಡಬೇಕು, ಅದಕ್ಕೆ ನನ್ನ ಲೆನ್ಸ್ ಸಾಲದು. ಗೆಳೆಯ ದಸರಾ ರಜೆಗೆ ಮೈಕ್ರೋಸ್ಕೋಪ್ ತರುತ್ತೇನೆ ಅಂದಿದ್ದಾನೆ. ಅಲ್ಲಿಯವರೆಗೆ ಅದರ ಡಬ್ಬಿಯ ಮೇಲೆ "ಗುರುತಾಗಿಲ್ಲ, ನೀರು ಆಮ್ಲ ಮುಟ್ಟಿಸಬೇಡಿ" ಅಂತ ಬರೆದಿಟ್ಟಿದ್ದೇವೆ.